ತಕ್ಕಡಿಯ ಕೆಳಗಿನ ಪೆನ್ನಿ

ಗಂಡಸಿಗೆ ಒಂದಲ್ಲ ಒಂದು ಹುಚ್ಚು ಇರಬೇಕು. ಇಲ್ಲದಿದ್ದರೆ ಹೆಂಡತಿಗೆ ಬೈಯಲು ವಿಷಯವೇ ಸಿಗುವುದಿಲ್ಲ. ನಮ್ಮ ಬೀದಿಯ ಭೂತಗನ್ನಡಿಯವರು ಈ ಬಗ್ಗೆ ಹೆಂಡತಿಗೆ ಯಾವ ಕೊರತೆಯನ್ನೂ ಮಾಡಿದವರಲ್ಲ. ಅವರಿಗೆ ತಂದೆತಾಯಿ ಇಟ್ಟ ಹೆಸರು ಬೇರೆ ಇದೆ. ಅದು ಸಂಬಳದ ದಿನ ಮಾತ್ರ ಬಳಕೆಗೆ ಬರುತ್ತದೆ. ನೀರು ಸರಬರಾಜು ಕಚೇರಿಯ ದೂರು ವಿಭಾಗದಲ್ಲಿ ಗುಮಾಸ್ತರು. ಜನ ತಂದ ದೂರುಗಳನ್ನು ಒಂದರ ಮೇಲೊಂದು ಪೇರಿಸುವುದು ಅವರ ಕೆಲಸ. ಪೇರಿಸಿದ್ದನ್ನು ತೆಗೆದು ನೋಡುವುದು ಬೇರೆ ಯಾರದೋ ಕೆಲಸ. ಆ ಬೇರೆಯವರು ಯಾರೆಂದು ಇಪ್ಪತ್ತು ವರ್ಷವಾದರೂ ಅವರಿಗೆ ತಿಳಿದಿಲ್ಲ, ತಿಳಿಯಬೇಕೆಂಬ ಆಸೆಯೂ ಇಲ್ಲ.

ಸಂಜೆ ಮನೆಗೆ ಬಂದು ಕಾಲು ತೊಳೆದರೆಂದರೆ ಜೇಬಿನಿಂದ ಭೂತಗನ್ನಡಿ ಹೊರಗೆ ಬರುತ್ತದೆ. ಮೇಜಿನ ಮೇಲೆ ಹಳೆಯ ಕಂಚಿನ ಪೆನ್ನಿಗಳು ಹರಡಿಕೊಳ್ಳುತ್ತವೆ. ಪೆನ್ನಿ ಎಂದರೆ ಈಗಿನವರಿಗೆ ಗೊತ್ತಾಗಲಿಕ್ಕಿಲ್ಲ. ಇಂಗ್ಲಿಷರ ನಾಡಿನ ಹಳೆಯ ಕಾಸು, ಅಂಗೈಯ ಗುಳಿ ತುಂಬುವಷ್ಟು ದೊಡ್ಡ ಬಿಲ್ಲೆ. ಒಂದು ಕಡೆ ಕೂದಲನ್ನು ಗಂಟು ಹಾಕಿಕೊಂಡ ರಾಣಿ. ಇನ್ನೊಂದು ಕಡೆ ಮೂರು ಮೊನೆಯ ಈಟಿ ಹಿಡಿದು ಕುಳಿತ ಹೆಂಗಸು, ಅವಳ ಕಾಲ ಕೆಳಗೆ ಇಸವಿ. ಇದನ್ನು ಅಂಚು ಹಿಡಿದು ಎತ್ತಬೇಕು, ಮುಖ ಮುಟ್ಟಬಾರದು, ಉಜ್ಜಬಾರದು, ತೊಳೆಯಬಾರದು. ಇಷ್ಟು ಮರ್ಯಾದೆ ಮದುವೆಯಾದಾಗಿನಿಂದ ತನಗೆ ಒಂದು ದಿನವೂ ಸಿಕ್ಕಿಲ್ಲವೆಂದು ಹೆಂಡತಿಯ ದೂರು. ಅದನ್ನೂ ಅವರು ಪೇರಿಸಿಟ್ಟಿದ್ದರು.

ಅವರ ಬಳಿ ಒಂದು ಮರದ ತಟ್ಟೆಯಿತ್ತು. ಅದರಲ್ಲಿ ಹತ್ತು ಗುಂಡನೆಯ ಗುಳಿಗಳು, ಒಂದು ದಶಕದ ಒಂದೊಂದು ವರ್ಷಕ್ಕೆ ಒಂದೊಂದು. ಒಂಬತ್ತು ತುಂಬಿದ್ದವು. ಇಸವಿಯ ಕೊನೆಗೆ 3 ಇರುವ ಪೆನ್ನಿಯ ಗುಳಿ ಮಾತ್ರ ಉದುರಿದ ಹಲ್ಲಿನ ಜಾಗದಂತೆ ಬಾಯಿ ತೆರೆದುಕೊಂಡೇ ಇತ್ತು. ಆ ವರ್ಷ ಟಂಕಸಾಲೆಯವರು ಪೆನ್ನಿ ಹೊಡೆದದ್ದೇ ಕಡಿಮೆ ಎಂದು ಅವರು ಸದಸ್ಯರಾಗಿರುವ ನಾಣ್ಯ ಸಂಘದವರ ನಂಬಿಕೆ. ಕಾರಣ ಮಾತ್ರ ಒಬ್ಬೊಬ್ಬರದು ಒಂದೊಂದು. ಕುಲುಮೆ ಒಡೆಯಿತೆಂದು ಒಬ್ಬರು, ಕಂಚು ಮುಗಿಯಿತೆಂದು ಇನ್ನೊಬ್ಬರು. ಎರಡೂ ಸುಳ್ಳು, ಅಧಿಕಾರಿ ರಜೆಯಲ್ಲಿದ್ದ ಎಂದು ನಮ್ಮ ಭೂತಗನ್ನಡಿಯವರು. ಅವರದು ಅನುಭವದ ಮಾತು. ಇತ್ತ 8 ಇರುವ ಪೆನ್ನಿ ಎಂದರೆ ಅಗ್ಗ. ಎಲ್ಲಿ ಕೈ ಹಾಕಿದರೂ ಸಿಗುತ್ತದೆ. ಅವರ ಡಬ್ಬಿಯಲ್ಲೇ ಒಂದು ಡಜನ್ ಬಿದ್ದಿದ್ದವು.

ಹೀಗಿರುವಾಗ ಒಂದು ಸಂಜೆ ಗಂಡಹೆಂಡಿರಿಬ್ಬರೂ ಬೀದಿಯ ಮೂಲೆಯ ಅಂಗಡಿಗೆ ಈರುಳ್ಳಿ ತರಲು ಹೋದರು. ಆ ಅಂಗಡಿಯವನನ್ನು ಇಡೀ ಬೀದಿ ಅಂಗಡಿಯಣ್ಣ ಎನ್ನುತ್ತದೆ. ಅವನದು ಹಳೆಯ ಕಾಲದ ತೂಗುತಕ್ಕಡಿ: ಮೇಲೆ ಕೊಂಡಿ, ನಡುವೆ ಕಬ್ಬಿಣದ ದಂಡ, ಎರಡು ಕಡೆ ಸರಪಳಿಯಲ್ಲಿ ಎರಡು ಹಿತ್ತಾಳೆ ತಟ್ಟೆ. ಒಂದು ತಟ್ಟೆಗೆ ತೂಕದ ಕಲ್ಲು ಹಾಕಿದೊಡನೆ ಸಾಮಾನಿನ ತಟ್ಟೆ ಖಾಲಿಯಾಗಿ ಮೇಲಕ್ಕೆ ಎದ್ದಿತು. ಅದರ ತಳ ಭೂತಗನ್ನಡಿಯವರ ಮೂಗಿನ ಮುಂದೆ ಬಂತು. ತಳದಲ್ಲಿ ಅರಗು ಹಾಕಿ ಒಂದು ಕಂಚಿನ ಪೆನ್ನಿ ಅಂಟಿಸಿತ್ತು. ಈಟಿ ಹಿಡಿದ ಹೆಂಗಸು ತಲೆಕೆಳಗಾಗಿ ಅವರನ್ನು ನೋಡಿದಳು. ಕಾಲ ಬಳಿ ಸವೆದ ಇಸವಿ. ಕೊನೆಯ ಅಂಕಿ 3.

ಈರುಳ್ಳಿ ಬಿತ್ತು, ತಟ್ಟೆ ಇಳಿಯಿತು, ದರ್ಶನ ಮುಗಿಯಿತು. ಭೂತಗನ್ನಡಿಯವರು ದಾರಿಯುದ್ದಕ್ಕೂ ಬಿರಬಿರನೆ ನಡೆದರು. ಮನೆಗೆ ಬಂದು ಬಾಗಿಲು ಹಾಕಿ, ಕಿಟಕಿ ಹಾಕಿ, ಹೆಂಡತಿಗೆ ಪಿಸುಮಾತಿನಲ್ಲಿ ವಿಷಯ ಹೇಳಿದರು. ಹೆಂಡತಿಗೆ ಅಂಗಡಿ ದಿನದ ದಾರಿ. ಮರುದಿನ ಆಕೆ ಹೋದಾಗ ಅಂಗಡಿಯಣ್ಣ ತಟ್ಟೆಯನ್ನು ಬೋರಲು ಹಾಕಿ ಬಟ್ಟೆಯಲ್ಲಿ ಒರೆಸುತ್ತಿದ್ದ. ಮನೆಗೆ ಬಂದವಳೇ ಆಕೆ ಅಡುಗೆಮನೆಯಿಂದಲೇ ಹೇಳಿದಳು, ಅದು ಮೂರಲ್ಲ, ಎಂಟು, ಎಡಗಡೆ ಸವೆದಿದೆ ಅಷ್ಟೆ ಎಂದು.

"ನಿನಗೇನು ಗೊತ್ತು?" ಎಂದರು ಭೂತಗನ್ನಡಿಯವರು.

ಭೂತಗನ್ನಡಿ ಇಲ್ಲದೆ ಕಂಡದ್ದು ಕಂಡ ಲೆಕ್ಕಕ್ಕೆ ಬರುವುದಿಲ್ಲ ಎಂಬುದು ಅವರ ಶಾಸ್ತ್ರ. ತಾವೂ ಅದಿಲ್ಲದೆಯೇ ಕಂಡದ್ದು ಎಂಬುದು ಆ ಹೊತ್ತಿಗೆ ನೆನಪಾಗಲಿಲ್ಲ. ಆಕೆಯೂ ನೆನಪಿಸಲಿಲ್ಲ. ಆ ಮನೆಯಲ್ಲಿ 'ನಿನಗೇನು ಗೊತ್ತು' ಎಂಬ ಮಾತು ಬಾಗಿಲ ಚಿಲಕದಷ್ಟು ಬಳಕೆಯದು.

ಇಷ್ಟಕ್ಕೇ ನಿಂತಿದ್ದರೆ ಬೀದಿಗೆ ಏನೂ ಆಗುತ್ತಿರಲಿಲ್ಲ. ಆದರೆ ಆ ಭಾನುವಾರ ಮಾವನ ಮನೆಯಲ್ಲಿ ಊಟ. ಅಲ್ಲಿಗೆ ಷಡ್ಡಕರೂ, ಅಂದರೆ ಹೆಂಡತಿಯ ಅಕ್ಕನ ಗಂಡ, ಬಂದಿದ್ದರು. ಬ್ಯಾಂಕಿನಲ್ಲಿ ಮ್ಯಾನೇಜರು, ನಾಣ್ಯ ಸಂಘಕ್ಕೆ ಅಧ್ಯಕ್ಷರು, ಮಾವನಿಗೆ ಹಿರಿಯ ಅಳಿಯ. ಒಬ್ಬ ಮನುಷ್ಯನಿಗೆ ಇಷ್ಟೆಲ್ಲ ಒಟ್ಟಿಗೆ ಕೊಡಬಾರದು, ಆದರೆ ಕೊಟ್ಟಾಗಿತ್ತು. ಅವರ ಹತ್ತಿರವೂ ಆ ಮೂರರ ಪೆನ್ನಿ ಇರಲಿಲ್ಲ ಎಂಬುದೊಂದೇ ಭೂತಗನ್ನಡಿಯವರಿಗೆ ಸಮಾಧಾನ. ಸಂಘದ ಪ್ರದರ್ಶನ ಹತ್ತಿರ ಬಂದಿದೆ, ಅಧ್ಯಕ್ಷರನ್ನು ಬಿಟ್ಟರೆ ಪೂರ್ತಿ ದಶಕ ಇರುವವರಿಗೆ ಮಾತ್ರ ಮುಂದಿನ ಮೇಜು, ಉಳಿದವರು ಹಿಂದೆ ಕೈ ತೊಳೆಯುವ ತೊಟ್ಟಿಯ ಪಕ್ಕ ಕೂರಬೇಕಾಗುತ್ತದೆ ಎಂದು ಷಡ್ಡಕರು ಎಲ್ಲರಿಗೂ ಹೇಳಿ, ಕೊನೆಗೆ ಭೂತಗನ್ನಡಿಯವರನ್ನೊಬ್ಬರನ್ನೇ ನೋಡಿದರು. ಹೋದ ಸಲ ತೊಟ್ಟಿಯ ಪಕ್ಕ ಕೂತವರು ಅವರೇ. ಬಂದವರೆಲ್ಲ ಅವರ ಪೆನ್ನಿಗಳ ಮೇಲೆ ಕೈ ಒದರಿ ಹೋಗಿದ್ದರು.

ಬಾಯಲ್ಲಿ ತುತ್ತಿತ್ತು. ತುತ್ತು ನುಂಗುವ ಮೊದಲೇ ಮಾತು ಹೊರಗೆ ಬಂತು.

"ನನ್ನ ಹತ್ರ ಹತ್ತೂ ಇವೆ."

ಮಾವ ಲೋಟ ಕೆಳಗಿಟ್ಟರು. ಮದುವೆಯಾದಾಗಿನಿಂದ ಅವರು ಕಿರಿಯ ಅಳಿಯನನ್ನು ಇಷ್ಟು ಹೊತ್ತು ನೋಡಿದ್ದು ಇದೇ ಮೊದಲು. ಪ್ರದರ್ಶನಕ್ಕೆ ತಾವೂ ಬರುವುದಾಗಿ, ಮುಂದಿನ ಮೇಜಿನ ಹತ್ತಿರ ತಮಗೊಂದು ಕುರ್ಚಿ ಹಾಕಿಸಬೇಕಾಗಿ ಹೇಳಿದರು. ಷಡ್ಡಕರು ನಕ್ಕರು. ಮೂರು ಬಂದರೆ ಮೇಜು ನಿಮ್ಮದು, ಬರದಿದ್ದರೆ ಮಾವನವರ ಕುರ್ಚಿಯನ್ನೂ ತೊಟ್ಟಿಯ ಪಕ್ಕಕ್ಕೇ ಹಾಕಿಸುತ್ತೇನೆ ಎಂದರು. ಇನ್ನು ಜನ್ಮವಿಡೀ ಪ್ರತಿ ಊಟದಲ್ಲೂ ಈ ಮಾತು ಎಲೆಗೆ ಬೀಳುವುದು ಖಂಡಿತ ಎಂದು ಭೂತಗನ್ನಡಿಯವರಿಗೆ ಅರ್ಥವಾಯಿತು. ಹೆಂಡತಿ ತಲೆ ಬಗ್ಗಿಸಿ ಊಟ ಮಾಡುತ್ತಿದ್ದಳು.

ನೆಟ್ಟಗೆ ಹೋಗಿ, ಅಣ್ಣಾ, ಆ ಪೆನ್ನಿ ಕೊಡು ಎಂದು ಕೇಳಬಹುದಿತ್ತಲ್ಲ ಎಂದು ನೀವು ಕೇಳಬಹುದು. ನೀವು ಸಂಗ್ರಾಹಕರಲ್ಲ. ಕೇಳಿದರೆ ಅದು ಬೆಲೆಯ ವಸ್ತುವೆಂದು ಗೊತ್ತಾಗುತ್ತದೆ, ಗೊತ್ತಾದರೆ ಕೊಡುವುದಿಲ್ಲ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಮೊದಲು ಚೆನ್ನಾಗಿ ನೋಡಿ ಖಾತರಿ ಮಾಡಿಕೊಳ್ಳುವುದು, ಆಮೇಲೆ ಹಳೆಯ ತಕ್ಕಡಿಯ ಮೇಲೆ ಮೋಹ ಹುಟ್ಟಿದವರಂತೆ ನಟಿಸಿ ತಕ್ಕಡಿಯನ್ನೇ ಕೊಳ್ಳುವುದು ಅವರ ಉಪಾಯ. ಉಪಾಯದಲ್ಲಿ ಒಂದೇ ತೊಡಕು. ಪೆನ್ನಿ ಕಾಣಬೇಕಾದರೆ ತಟ್ಟೆ ಮೇಲೇಳಬೇಕು, ತಟ್ಟೆ ಏಳಬೇಕಾದರೆ ಏನಾದರೂ ಕೊಳ್ಳಬೇಕು, ಕೊಂಡೊಡನೆ ತಟ್ಟೆ ಇಳಿದುಬಿಡುತ್ತದೆ.

ಆದ್ದರಿಂದ ಅವರು ಕೊಂಡರು. ಬೆಳಿಗ್ಗೆ ಕಚೇರಿಗೆ ಹೋಗುವಾಗ ನೂರು ಗ್ರಾಂ ಸಕ್ಕರೆ. ಸಂಜೆ ಬರುವಾಗ ನೂರು ಗ್ರಾಂ ಉಪ್ಪು. ಪೊಟ್ಟಣ ಕಟ್ಟಿದ್ದು ಬೇಡ, ಬಿಡಿಯಾಗಿಯೇ ತೂಗಬೇಕು, ಅದೂ ನಿಧಾನವಾಗಿ. ಅಂಗಡಿಯಣ್ಣ ಕಲ್ಲು ಹಾಕಿದೊಡನೆ ಇವರು ಚಪ್ಪಲಿಯ ಪಟ್ಟಿ ಸರಿಪಡಿಸುವವರಂತೆ ಮೊಣಕಾಲೂರಿ, ಕತ್ತು ತಿರುಚಿ, ಜೇಬಿನಿಂದ ಭೂತಗನ್ನಡಿ ತೆಗೆದು ತಟ್ಟೆಯ ಅಡಿಗೆ ಹಿಡಿಯುವರು. ಅಷ್ಟರಲ್ಲಿ ಸಕ್ಕರೆ ಬಿದ್ದು ತಟ್ಟೆ ಅವರ ನೆತ್ತಿಗೆ ಕುಟ್ಟುವುದು. ಅಂಗಡಿಯಣ್ಣ ಯಾಕೆ ಸರ್ ಎಂದು ಕೇಳಿದ್ದಕ್ಕೆ ಬೆನ್ನು ನೋವು, ಡಾಕ್ಟರು ಬಗ್ಗಲು ಹೇಳಿದ್ದಾರೆ ಎಂದರು. ಮನೆಯಲ್ಲಿ ಉಪ್ಪಿನ ಪೊಟ್ಟಣಗಳು ಗೂಡಿನಿಂದ ಉಕ್ಕಿ ಮಂಚದ ಕೆಳಗೆ ಸೇರಿದವು. ಹೆಂಡತಿ ಪೊಟ್ಟಣಗಳನ್ನು ನೋಡಿದಳು, ಗಂಡನ ನೆತ್ತಿಯ ಮೇಲಿನ ಗುಬುಟು ನೋಡಿದಳು, ಅದಕ್ಕೆ ಅರಿಸಿನ ಹಚ್ಚಿದಳು.

ಅಂಗಡಿಯ ಎದುರಿಗೆ ದರ್ಜಿಯ ಅಂಗಡಿ. ದರ್ಜಿಯ ಕಣ್ಣು ಸೂಜಿಯ ಮೇಲಿರುತ್ತದೆಂದು ತಿಳಿದವರು ಬಟ್ಟೆ ಹೊಲಿಸಿದವರಲ್ಲ. ದೂರು ವಿಭಾಗದ ಗುಮಾಸ್ತರೊಬ್ಬರು ದಿನಕ್ಕೆರಡು ಸಲ ಭೂತಗನ್ನಡಿ ಹಿಡಿದು ತಕ್ಕಡಿಯ ತಳ ಪರೀಕ್ಷಿಸುತ್ತಾರೆ ಎಂದರೆ ಅದಕ್ಕೆ ಇರುವುದು ಒಂದೇ ಅರ್ಥ: ತೂಕದಲ್ಲಿ ಮೋಸ. ತಾನೂ ಒಂದು ದಿನ ಬೆಂಕಿಪೊಟ್ಟಣದ ನೆಪದಲ್ಲಿ ಹೋಗಿ, ಬಗ್ಗಿ, ತಳದಲ್ಲಿ ಏನೋ ಅಂಟಿಸಿರುವುದನ್ನು ನೋಡಿಬಂದ. ಸುದ್ದಿಯನ್ನು ನಿವೃತ್ತ ಹೆಡ್‌ಮಾಸ್ಟರಿಗೆ ಮುಟ್ಟಿಸಿದ. ಹೆಡ್‌ಮಾಸ್ಟರು ನಿವೃತ್ತರಾದಾಗಿನಿಂದ ಅನ್ಯಾಯ ಎಲ್ಲಿದೆ ಎಂದು ಹುಡುಕುತ್ತಿದ್ದವರು. ಅದು ಕಾಲ್ನಡಿಗೆಯ ದೂರದಲ್ಲೇ ಇದ್ದದ್ದು ಅವರಿಗೆ ಅನುಕೂಲವಾಯಿತು.

ಸಂಜೆ ಕಚೇರಿಯಿಂದ ಬರುತ್ತಿದ್ದ ಭೂತಗನ್ನಡಿಯವರನ್ನು ಅವರು ದೀಪದ ಕಂಬದ ಬಳಿ ತಡೆದರು.

"ತಟ್ಟೆ ಕೆಳಗೆ ಇರೋದು ನಿಮಗೆ ಗೊತ್ತಾಗಿದೆ, ಅಲ್ವಾ?" ಎಂದರು.

ಈ ಮುದುಕರೂ ಪೆನ್ನಿಯ ಹಿಂದೆ ಬಿದ್ದಿದ್ದಾರೆ ಎಂದು ಭೂತಗನ್ನಡಿಯವರಿಗೆ ಅನಿಸಿದ್ದು ಸಹಜ. ಹೆಡ್‌ಮಾಸ್ಟರ ಎರಡೂ ಕೈ ಹಿಡಿದುಕೊಂಡು, "ದಮ್ಮಯ್ಯ, ಯಾರಿಗೂ ಹೇಳ್ಬೇಡಿ ಸರ್. ಇದನ್ನ ನಾನೊಬ್ಬನೇ ನೋಡ್ಕೋತೀನಿ" ಎಂದರು.

ಹೆಡ್‌ಮಾಸ್ಟರ ಕಣ್ಣು ತುಂಬಿ ಬಂತು. ಮೂವತ್ತು ವರ್ಷ ಪಾಠ ಹೇಳಿದರೂ ಇಂಥ ಒಬ್ಬ ಧೀರ ತಮ್ಮ ಕೈಯಡಿ ತಯಾರಾಗಿರಲಿಲ್ಲ. ಯಾರಿಗೂ ಹೇಳಬಾರದೆಂಬ ಷರತ್ತಿನ ಮೇಲೆ ಅವರು ಅದನ್ನು ಆ ಸಂಜೆಯೇ ಇಡೀ ಬೀದಿಗೆ ಹೇಳಿದರು.

ಎತ್ತು ಕರು ಹಾಕಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನಕ್ಕೆ ನಮ್ಮಲ್ಲಿ ಬರಗಾಲವಿಲ್ಲ. ಮನೆಮನೆಯಲ್ಲೂ ಹಳೆಯ ಲೆಕ್ಕ ತೆಗೆದರು. ಮಹಡಿ ಮನೆಯಾಕೆ ತನ್ನ ಮಗ ಇಷ್ಟು ತಿಂದರೂ ತೆಳ್ಳಗೇ ಇರುವುದೇಕೆಂಬುದು ಈಗ ಬಗೆಹರಿಯಿತು ಎಂದಳು. ದರ್ಜಿ ತಾನು ಕೊಂಡ ಆಲೂಗಡ್ಡೆ ಬೇಯಿಸಿದ ಮೇಲೆ ಚಿಕ್ಕದಾಗುತ್ತಿದ್ದುದನ್ನು ಜ್ಞಾಪಿಸಿಕೊಂಡ. ಎಲ್ಲರೂ ಚೀಲ ಹಿಡಿದು ದೂರದ ಮಾರುಕಟ್ಟೆಗೆ ಹೋಗತೊಡಗಿದರು. ಅಲ್ಲಿ ತೂಕ ಹೇಗೋ ಯಾರಿಗೂ ಗೊತ್ತಿಲ್ಲ, ಆದರೆ ಅಲ್ಲಿಯ ಮೋಸ ಪರಿಚಯದವರದಲ್ಲ, ಅದೇ ಒಂದು ನೆಮ್ಮದಿ. ಅಂಗಡಿಯಣ್ಣ ನೊಣ ಹೊಡೆಯುತ್ತ ಕೂತ. ದಾರಿಯಲ್ಲಿ ಭೂತಗನ್ನಡಿಯವರಿಗೆ ಸಿಕ್ಕವರೆಲ್ಲ ಕಣ್ಣಲ್ಲೇ ಶಹಭಾಸ್ ಹೇಳಿದರು. ಇವರು ಯಾವುದಕ್ಕೆ ಎಂದು ತಿಳಿಯದೆ ಎಲ್ಲರಿಗೂ ತಲೆಯಾಡಿಸಿದರು.

ಅವರಿಗೆ ಕಂಡದ್ದು ಒಂದೇ ಲಾಭ. ಅಂಗಡಿಯಲ್ಲಿ ಜನರಿಲ್ಲದ್ದರಿಂದ ಬಗ್ಗಲು ಜಾಗ ಚೆನ್ನಾಗಿತ್ತು.

ಪ್ರದರ್ಶನಕ್ಕೆ ಎರಡು ದಿನ ಇದೆ ಎನ್ನುವಾಗ ಸಂಜೆ ಬಾಗಿಲು ತಟ್ಟಿದ ಸದ್ದು. ಅಂಗಡಿಯಣ್ಣ ಒಂದು ದೊಡ್ಡ ಸಕ್ಕರೆ ಪೊಟ್ಟಣ ಹಿಡಿದು ನಿಂತಿದ್ದ. ಒಳಗೆ ಬಂದು ಕುರ್ಚಿಯ ತುದಿಯಲ್ಲಿ ಕೂತ. ಮಂಚದ ಕೆಳಗಿಂದ ಇಣುಕುತ್ತಿದ್ದ ತನ್ನದೇ ಉಪ್ಪಿನ ಪೊಟ್ಟಣಗಳನ್ನು ನೋಡಿ ಅವನ ಮುಖ ಇನ್ನಷ್ಟು ಇಳಿಯಿತು. ಸಾಕ್ಷಿಗೆ ಕೂಡಿಟ್ಟಿದ್ದಾರೆ ಎಂದುಕೊಂಡಿರಬೇಕು.

"ಸರ್, ನಿಮಗೆ ನಾನೇನು ಮಾಡಿದ್ದೆ? ನನ್ನ ಹೊಟ್ಟೆ ಮೇಲೆ ಯಾಕೆ ಹೊಡೀತಿದ್ದೀರಾ?" ಎಂದ. "ಅಂಗಡಿಗೆ ಜನ ಬಂದು ವಾರ ಆಯ್ತು. ಮನೇಲಿ ಮುಖ ತೋರ್ಸೋಕೆ ಆಗ್ತಿಲ್ಲ ನಂಗೆ."

ಇದು ಬಾಯಿಬಿಟ್ಟು ಕೇಳಲು ದೇವರೇ ಕೊಟ್ಟ ಗಳಿಗೆ. ಹೆಂಡತಿ ಅಡುಗೆಮನೆಯ ಬಾಗಿಲಿಗೆ ಬಂದು ಕೇಳಿ ಎಂದು ಕಣ್ಣು ಮಾಡಿದಳು. ಭೂತಗನ್ನಡಿಯವರು ಗಂಟಲು ಸರಿಮಾಡಿಕೊಂಡರು. ಆದರೆ ಉಪಾಯ ಮಾಡಿದವನಿಗೆ ಉಪಾಯವೇ ಹೆಚ್ಚು. ಛಾವಣಿ ನೋಡುತ್ತ, ಏನೂ ಆಸೆಯಿಲ್ಲದವರ ದನಿಯಲ್ಲಿ, "ಆ ತಕ್ಕಡಿ ಮಾರಿಬಿಡ್ತೀರಾ?" ಎಂದರು.

ಅಂಗಡಿಯಣ್ಣ ಎದ್ದು ನಿಂತ. ತಕ್ಕಡಿ ಮಾರು ಎಂದರೆ ವ್ಯಾಪಾರ ಬಿಟ್ಟು ಹೋಗು ಎಂದಲ್ಲದೆ ಇನ್ನೇನು? ಅದು ತನ್ನ ತಂದೆಯ ಕಾಲದ ತಕ್ಕಡಿ, ತಾನು ಯಾರಿಗೂ ಒಂದು ಕಾಳು ಕಡಿಮೆ ತೂಗಿದವನಲ್ಲ, ನಾಳೆಯೇ ತೂಕದ ಇಲಾಖೆಯ ಸಾಹೇಬರನ್ನು ಕಾಲಿಗೆ ಬಿದ್ದಾದರೂ ಕರೆತರುತ್ತೇನೆ, ಎಲ್ಲರೆದುರು ಪರೀಕ್ಷೆಯಾಗಲಿ, ತಪ್ಪು ಸಿಕ್ಕರೆ ಅಂಗಡಿ ಮುಚ್ಚಿ ಊರು ಬಿಡುತ್ತೇನೆ ಎಂದು ಹೇಳಿ ಹೊರಟುಹೋದ. ಸಕ್ಕರೆ ಪೊಟ್ಟಣವನ್ನು ಮಾತ್ರ ಬಿಟ್ಟುಹೋದ. ಹೆಂಡತಿ ಅದನ್ನು ತೆಗೆದಿಟ್ಟು, ಒಬ್ಬ ಬಡಪಾಯಿಯ ಕಣ್ಣಲ್ಲಿ ನೀರು ಹಾಕಿಸಿದಿರಿ ಎಂದಳು. ಭೂತಗನ್ನಡಿಯವರಿಗೂ ಒಳಗೊಳಗೆ ಚುರುಕ್ಕೆಂದಿತು. ಆದರೆ ಕರೆದ ಕೂಡಲೇ ಒಬ್ಬ ಅಧಿಕಾರಿ ಬಂದುಬಿಡುತ್ತಾನೆ ಎಂಬುದನ್ನು ನಂಬಲು ಅವರ ಅನುಭವ ಒಪ್ಪಲಿಲ್ಲ. ಹಾಯಾಗಿ ಮಲಗಿದರು.

ಮರುದಿನ ಬೆಳಿಗ್ಗೆ ಸಾಹೇಬರು ಬಂದರು.

ತೆಳ್ಳನೆಯ ಮನುಷ್ಯ, ಕೈಯಲ್ಲಿ ಒಂದು ಮರದ ಪೆಟ್ಟಿಗೆ. ಅದರಲ್ಲಿ ಹೊಳೆಯುವ ಹಿತ್ತಾಳೆಯ ಪ್ರಮಾಣದ ಕಲ್ಲುಗಳು, ಒಂದು ಪುಟ್ಟ ಸುತ್ತಿಗೆ, ಮುದ್ರೆ ಒತ್ತುವ ಉಕ್ಕಿನ ಮೊಳೆ. ತೂಗುವ ಸಾಮಗ್ರಿ ಯಾವುದೇ ಇರಲಿ, ಸರಿಯಿದ್ದರೆ ಅದರ ಮೇಲೆ ಆ ಮೊಳೆಯಿಟ್ಟು ಸುತ್ತಿಗೆಯಿಂದ ಹೊಡೆದು ಸರ್ಕಾರದ ಗುರುತು ಮೂಡಿಸುವುದು ಅವರ ಇಲಾಖೆಯ ಪದ್ಧತಿ. ಬೀದಿಗೆ ಬೀದಿಯೇ ನೆರೆಯಿತು. ದರ್ಜಿ ಅರ್ಧ ಹೊಲಿದ ತೋಳನ್ನು ಹೆಗಲ ಮೇಲೆ ಹಾಕಿಕೊಂಡೇ ಬಂದ. ದೂರು ಯಾರದು ಎಂದು ಸಾಹೇಬರು ಕೇಳಿದರು. ಎಲ್ಲರ ಬೆರಳೂ ಒಂದೇ ಕಡೆ ತಿರುಗಿತು. ಕಚೇರಿಗೆ ಹೊರಟಿದ್ದ ಭೂತಗನ್ನಡಿಯವರನ್ನು ಹೆಡ್‌ಮಾಸ್ಟರು ತೋಳು ಹಿಡಿದು ಮುಂದೆ ತಂದು ನಿಲ್ಲಿಸಿದರು. ಇಪ್ಪತ್ತು ವರ್ಷ ಪರರ ದೂರು ತೆಗೆದುಕೊಂಡ ಮನುಷ್ಯ ಮೊದಲ ಸಲ ಸ್ವತಃ ದೂರುದಾರನಾಗಿ ನಿಂತ, ಅದೂ ತಾನು ಕೊಡದೇ ಇದ್ದ ದೂರಿಗೆ.

ಸಾಹೇಬರು ತಟ್ಟೆಯನ್ನು ಮಗುಚಿದರು. ಪೆನ್ನಿ ಕಾಣಿಸಿತು. ಜನ ಆಹಾ ಎಂದರು. ಅಂಗಡಿಯಣ್ಣ ಕಣ್ಣು ಮುಚ್ಚಿಕೊಂಡ. ಸಾಹೇಬರು ಏನೂ ಹೇಳದೆ ಎರಡೂ ತಟ್ಟೆಗೆ ಸಮಸಮ ಕಲ್ಲು ಹಾಕಿ ದಂಡ ಎತ್ತಿದರು. ಮುಳ್ಳು ನೆಟ್ಟಗೆ ನಿಂತಿತು. ಆಮೇಲೆ ಚಾಕುವಿನಿಂದ ಅರಗು ಕೆರೆದು ಪೆನ್ನಿಯನ್ನು ಬಿಡಿಸಿ ಮತ್ತೆ ಎತ್ತಿದರು. ಸಾಮಾನಿನ ತಟ್ಟೆ ಹಗುರಾಗಿ ಮೇಲಕ್ಕೆ ಹೋಯಿತು. ತಟ್ಟೆಯ ಅಂಚು ಎಂದೋ ಮುರಿದು ಹಗುರಾಗಿದೆ, ಅದನ್ನು ಸರಿದೂಗಿಸಲು ಇವನಪ್ಪ ಈ ಬಿಲ್ಲೆ ಅಂಟಿಸಿದ್ದಾನೆ, ಬಿಲ್ಲೆ ಇದ್ದರೆ ತೂಕ ಸರಿ, ಬಿಲ್ಲೆ ಇಲ್ಲದಿದ್ದರೆ ಪ್ರತಿ ಸಲವೂ ಗಿರಾಕಿಗೆ ಒಂದಿಷ್ಟು ಹೆಚ್ಚು ಹೋಗುತ್ತದೆ, ನಷ್ಟ ಅಂಗಡಿಗೆ ಎಂದು ವಿವರಿಸಿದರು.

ಜನ ಒಂದು ಗಳಿಗೆ ಯೋಚಿಸಿದರು. ಆಮೇಲೆ ಮಹಡಿ ಮನೆಯಾಕೆ, ಹಾಗಿದ್ದರೆ ತೆಗೆದದ್ದು ತೆಗೆದ ಹಾಗೇ ಇರಲಿ, ಮತ್ತೆ ಯಾಕೆ ಅಂಟಿಸುವ ಶ್ರಮ ಎಂದಳು. ಬಹಳ ಜನಕ್ಕೆ ಅದು ನ್ಯಾಯವಾಗಿ ಕಂಡಿತು. ಅನ್ಯಾಯ ಎಂದು ಕೂಗಲು ಬಂದಿದ್ದ ಹೆಡ್‌ಮಾಸ್ಟರು ಕೂಡ ಕೆಮ್ಮಿ ತಲೆಯಾಡಿಸಿದರು. ಸರ್ಕಾರಕ್ಕೆ ಗಿರಾಕಿಯೂ ಒಂದೇ, ಅಂಗಡಿಯೂ ಒಂದೇ ಎಂದು ಸಾಹೇಬರು ಗದರಿಸಬೇಕಾಯಿತು.

"ನೋಡಿ, ದೂರು ಕೊಟ್ಟೋರು ನೀವು," ಎಂದು ಪೆನ್ನಿಯನ್ನು ಭೂತಗನ್ನಡಿಯವರ ಅಂಗೈಗೆ ಹಾಕಿದರು. "ಚೆನ್ನಾಗಿ ನೋಡ್ಕೊಳ್ಳಿ. ಇದನ್ನೇ ಗಟ್ಟಿಯಾಗಿ ಕೂರಿಸಿ ಮುದ್ರೆ ಹೊಡೀಬಹುದು. ಬೇಡ ಅಂದ್ರೆ ಒಂದು ಸೀಸದ ತುಂಡು ಹಾಕೋಣ, ಈ ಬಿಲ್ಲೆ ನೀವೇ ಇಟ್ಕೊಳ್ಳಿ."

ಅಂಗಡಿಯಣ್ಣನೂ, ಸರ್‌ಗೆ ಬೇಕಿದ್ದರೆ ತಗೊಳ್ಳಲಿ, ಮಾನ ಉಳಿದರೆ ಸಾಕು ಎಂದ.

ಕೇಳದೆ, ಕಾಸು ಕೊಡದೆ, ಇಡೀ ಬೀದಿಯ ಸಮ್ಮುಖದಲ್ಲಿ ಪೆನ್ನಿ ಕೈಗೆ ಬಂದಿತ್ತು. ಭೂತಗನ್ನಡಿಯವರು ಜೇಬಿನಿಂದ ಭೂತಗನ್ನಡಿ ತೆಗೆದರು. ಅಂಚು ಹಿಡಿದು, ಬೆಳಕಿಗೆ ತಿರುಗಿಸಿ, ಈಟಿಯ ಹೆಂಗಸಿನ ಕಾಲ ಬಳಿ ಗಾಜು ಹಿಡಿದರು.

8.

ಸಂಶಯಕ್ಕೆ ಎಡೆಯೇ ಇರಲಿಲ್ಲ. ಎಡಗಡೆ ಸವೆದಿತ್ತು ಅಷ್ಟೆ, ಹೆಂಡತಿ ಹೇಳಿದ ಹಾಗೆಯೇ. ಡಬ್ಬಿಯಲ್ಲಿ ಇಂಥವು ಒಂದು ಡಜನ್ ಇದ್ದವು, ಇದು ಹದಿಮೂರನೆಯದು.

ಕತ್ತೆತ್ತಿದರೆ ಗುಂಪಿನಲ್ಲಿ ಚೀಲ ಹಿಡಿದ ಹೆಂಡತಿ. ಅವಳ ಹಿಂದೆ, ಇನ್ನೂ ಬರದಿದ್ದರೂ ಅವರ ಕಣ್ಣಿಗೆ ಕಾಣುತ್ತಿದ್ದ ನಾಳೆ: ಕೈ ತೊಳೆಯುವ ತೊಟ್ಟಿ, ಅದರ ಪಕ್ಕ ಮಾವನ ಕುರ್ಚಿ, ಷಡ್ಡಕರ ನಗು. ಈ ಪೆನ್ನಿಯನ್ನು ಮನೆಗೆ ಒಯ್ದರೆ ಷಡ್ಡಕರು ಇಸವಿ ಓದುತ್ತಾರೆ. ಇಲ್ಲಿಯೇ ಬಿಟ್ಟರೂ ಒಂದಲ್ಲ ಒಂದು ದಿನ ಬಗ್ಗಿ ಓದುತ್ತಾರೆ. ದೂರು ವಿಭಾಗದಲ್ಲಿ ಇಪ್ಪತ್ತು ವರ್ಷ ಖಾಲಿ ಕೂತಿದ್ದ ಬುದ್ಧಿ ಅವತ್ತು ಒಂದೇ ಸಲಕ್ಕೆ ಎದ್ದು ಕೆಲಸ ಮಾಡಿತು.

"ಬೇಡ ಸರ್," ಎಂದರು ಭೂತಗನ್ನಡಿಯವರು, ದನಿ ಎತ್ತರಿಸಿ. "ಈ ಅಂಗಡೀಲಿ ಮೋಸ ಇಲ್ಲ, ನಾನೇ ಪರೀಕ್ಷೆ ಮಾಡಿದೀನಿ. ಇದು ತಕ್ಕಡೀಲೇ ಇರ್ಲಿ, ಜನರ ತೂಕ ಕೆಡಬಾರದು. ಮುದ್ರೆ ಹೊಡೀರಿ."

ಚಪ್ಪಾಳೆ ಬಿತ್ತು. ಅಂಗಡಿಯಣ್ಣ ಹೆಗಲ ಬಟ್ಟೆಯಿಂದ ಕಣ್ಣೊರೆಸಿಕೊಂಡ. ಸಾಹೇಬರು ಪೆನ್ನಿಯನ್ನು ಕಬ್ಬಿಣದ ಕಲ್ಲಿನ ಮೇಲಿಟ್ಟು, ಮೊಳೆ ಹಿಡಿದು, ಎಲ್ಲಿ ಹೊಡೆಯಲಿ ಎಂದು ತಮಗೆ ತಾವೇ ಎಂಬಂತೆ ಕೇಳಿಕೊಂಡರು. ಈಟಿಯ ಹೆಂಗಸಿನ ಹೊಟ್ಟೆಯ ಭಾಗದಲ್ಲಿ ಜಾಗ ಚೆನ್ನಾಗಿದೆ ಎಂದು ಅಲ್ಲಿಟ್ಟರು.

"ಅಲ್ಲಲ್ಲ, ಇಲ್ಲಿ," ಎಂದರು ಭೂತಗನ್ನಡಿಯವರು. ಪೆನ್ನಿಯ ಮುಖ ಮುಟ್ಟಬಾರದೆಂದು ಮನೆಮಂದಿಗೆಲ್ಲ ವರ್ಷಾನುಗಟ್ಟಲೆ ಪಾಠ ಹೇಳಿದ ಮನುಷ್ಯ ಹೆಬ್ಬೆರಳನ್ನೇ ಅದರ ಮೇಲೆ ಒತ್ತಿ ತೋರಿಸಿದರು. "ಕಾಲ ಕೆಳಗೆ. ಬಲಗಡೆ ತುದೀಲಿ. ಹ್ಞಾಂ, ಸರಿಯಾಗಿ ಅಲ್ಲೇ."

ಸುತ್ತಿಗೆ ಬಿತ್ತು. ಭೂತಗನ್ನಡಿಯವರು ಗಾಜು ಹಿಡಿದು ನೋಡಿ, ಇನ್ನೊಂದು ಏಟು ಬಿದ್ದರೆ ಒಳ್ಳೆಯದು, ಸರ್ಕಾರದ ಗುರುತು ಸ್ಪಷ್ಟವಾಗಿರಬೇಕಲ್ಲವೇ ಎಂದರು. ಇಷ್ಟು ಶ್ರದ್ಧೆಯ ನಾಗರಿಕರನ್ನು ತಮ್ಮ ಸೇವೆಯಲ್ಲೇ ಕಂಡಿಲ್ಲವೆಂದು ಸಾಹೇಬರು ಇನ್ನೊಂದು ಏಟು ಹಾಕಿದರು. ಪೆನ್ನಿಯನ್ನು ತಟ್ಟೆಯ ತಳಕ್ಕೆ ಭದ್ರವಾಗಿ ಬೆಸೆದದ್ದಾಯಿತು. ಇನ್ನು ಅದನ್ನು ಯಾರೂ ಕೀಳುವಂತಿಲ್ಲ, ಕಿತ್ತರೆ ಅಪರಾಧ ಎಂದು ಹೇಳಿ ಸಾಹೇಬರು ಹೋದರು.

ಪ್ರದರ್ಶನದ ದಿನ ಭೂತಗನ್ನಡಿಯವರು ಯಾರನ್ನೂ ಕೇಳದೆ ಮುಂದಿನ ಮೇಜಿನ ಮೇಲೆ ಮರದ ತಟ್ಟೆ ಇಟ್ಟರು. ಒಂಬತ್ತು ಪೆನ್ನಿ, ಒಂದು ಖಾಲಿ ಗುಳಿ. ಗುಳಿಯ ಬಳಿ ಒಂದು ಚೀಟಿ: 'ಹತ್ತನೆಯ ನಾಣ್ಯ ಸರ್ಕಾರದ ಮುದ್ರೆಯೊಂದಿಗೆ ಸಾರ್ವಜನಿಕರ ಸೇವೆಯಲ್ಲಿದೆ.' ಮಾವ ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. ಕೇಳಿದವರಿಗೆಲ್ಲ ಭೂತಗನ್ನಡಿಯವರು ನಿಜವನ್ನೇ ಹೇಳಿದರು. ಬೇಕಿದ್ದರೆ ಇಟ್ಟುಕೊಳ್ಳಿ ಎಂದು ಅಧಿಕಾರಿಗಳೇ ಕೈಗೆ ಕೊಟ್ಟಿದ್ದರು, ಜನರ ತೂಕ ಕೆಡಬಾರದೆಂದು ನಾನೇ ಬಿಟ್ಟುಕೊಟ್ಟೆ ಎಂದರು. ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಸುಳ್ಳಿಗೆ ಇಂಥ ಅನುಕೂಲ ಒದಗುವುದು ಅಪರೂಪ. ಕಿರಿಯ ಅಳಿಯನನ್ನು ತಾವು ಇಷ್ಟು ದಿನ ತಿಳಿದುಕೊಂಡಿರಲಿಲ್ಲ ಎಂದು ಮಾವ ಅಕ್ಕಪಕ್ಕದವರಿಗೆ ಹೇಳಿದರು.

ಷಡ್ಡಕರಿಗೆ ಇದು ಬಿಸಿತುಪ್ಪ. ನುಂಗಲೂ ಆಗದು, ಉಗುಳಲೂ ಆಗದು. ಕಣ್ಣಾರೆ ನೋಡುವವರೆಗೆ ಒಪ್ಪುವುದಿಲ್ಲ ಎಂದು ಸಂಜೆಯೇ ಮಾವನನ್ನೂ ಸಂಘದ ಇಬ್ಬರನ್ನೂ ಕಟ್ಟಿಕೊಂಡು ನಮ್ಮ ಬೀದಿಗೆ ಬಂದರು. ಹಿಂದೆಯೇ ಭೂತಗನ್ನಡಿಯವರೂ ಬಂದರು. ಅಂಗಡಿ ಜನರಿಂದ ತುಂಬಿತ್ತು. ಹೆಂಡತಿಯೂ ಚೀಲ ಹಿಡಿದು ನಿಂತಿದ್ದಳು. ಅಂಗಡಿಯಣ್ಣ ಅಭಿಮಾನದಿಂದ ಕಲ್ಲು ಹಾಕಿ ತಟ್ಟೆ ಎತ್ತಿ ಹಿಡಿದ. ಬ್ಯಾಂಕ್ ಮ್ಯಾನೇಜರು ಇಸ್ತ್ರಿ ಮಾಡಿದ ಪ್ಯಾಂಟಿನಲ್ಲೇ ಮೊಣಕಾಲೂರಿ, ಕತ್ತು ತಿರುಚಿ, ತಮ್ಮ ದೊಡ್ಡ ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು. ಮೂರು ಅಂಕಿ ಕಂಡವು. ನಾಲ್ಕನೆಯದರ ಜಾಗದಲ್ಲಿ ಸರ್ಕಾರವಿತ್ತು.

"ಎರಡೇಟು ಬಿದ್ದಿದೆಯಲ್ರೀ," ಎಂದು ಗೊಣಗಿದರು.

ಎದ್ದು ಮಂಡಿ ಒರೆಸಿಕೊಂಡು ಸುತ್ತ ನೋಡಿದರು. ಅಂಗಡಿಯಣ್ಣನನ್ನು ಕೇಳಿದರೆ ಅವನು, ನಾವು ಯಾವತ್ತೂ ಅದನ್ನು ಓದಿಲ್ಲ ಸ್ವಾಮಿ, ಸರ್‌ಗೆ ಗೊತ್ತು ಎಂದ. ಆಗ ಅವರ ಕಣ್ಣು ನಾದಿನಿಯ ಮೇಲೆ ಬಿತ್ತು. ದಿನಾ ಈ ಅಂಗಡಿಗೆ ಬರುವವಳು ಇವಳೇ ಅಲ್ಲವೇ?

"ನೀನಾದ್ರೂ ನೋಡಿರ್ತೀಯಲ್ಲಮ್ಮ. ಮುದ್ರೆ ಬೀಳೋ ಮುಂಚೆ ಅಲ್ಲೇನಿತ್ತು? ಮೂರೇನಾ?"

ಮಾವ ಮಗಳ ಮುಖ ನೋಡಿದರು. ಭೂತಗನ್ನಡಿಯವರು ಹೆಂಡತಿಯನ್ನು ನೋಡಿದ ನೋಟ ಹೇಗಿತ್ತೆಂದರೆ, ಮದುವೆಯ ದಿನವೂ ಅವರು ಅವಳನ್ನು ಅಷ್ಟು ಆಸೆಯಿಂದ ನೋಡಿರಲಿಲ್ಲ. ಆಕೆ ಅವಸರ ಮಾಡಲಿಲ್ಲ. ಚೀಲವನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿಕೊಂಡಳು.

"ನನಗೇನು ಗೊತ್ತು, ಭಾವ?" ಎಂದಳು. "ಇವರೇ ಯಾವಾಗ್ಲೂ ಹೇಳ್ತಿರ್ತಾರಲ್ಲ."

ಷಡ್ಡಕರು ಭೂತಗನ್ನಡಿಯನ್ನು ಜೇಬಿಗೆ ಇಳಿಸಿದರು. ಮಾವ ಕಿರಿಯ ಅಳಿಯನ ಬೆನ್ನು ತಟ್ಟಿದರು. ಎಲ್ಲರೂ ಹೊರಟ ಮೇಲೆ ಆಕೆ ಅಂಗಡಿಯಣ್ಣನ ಕಡೆ ತಿರುಗಿ ಆಲೂಗಡ್ಡೆ ಎಂಟು ಕಿಲೋ ತೂಗಲು ಹೇಳಿದಳು, ಚೀಲವನ್ನು ಗಂಡನ ಕೈಗೆ ಕೊಟ್ಟಳು. ಮನೆಯಲ್ಲಿರುವುದು ಇಬ್ಬರೇ. ಭೂತಗನ್ನಡಿಯವರು ಹತ್ತಿರ ಬಂದು ತಗ್ಗಿದ ದನಿಯಲ್ಲಿ, "ಮೂರು ಸಾಕಾಗಲ್ವೇನೇ?" ಎಂದರು.

"ನಿಮ್ಮ ಕಣ್ಣಿಗೆ ಮೂರು ಕಾಣ್ಬಹುದು," ಎಂದಳು ಹೆಂಡತಿ. "ನನಗೆ ಎಂಟೇ ಕಾಣೋದು."

ಅಂಗಡಿಯಣ್ಣ ಒಂದೊಂದೇ ಕಲ್ಲು ಹಾಕಿ ತೂಗಿದ. ತಟ್ಟೆ ಏಳುತ್ತ ಇಳಿಯುತ್ತ ಇತ್ತು, ಮುಳ್ಳು ನೆಟ್ಟಗೆ ನಿಲ್ಲುತ್ತಿತ್ತು. ಭೂತಗನ್ನಡಿಯವರು ಎಂಟು ಕಿಲೋ ಆಲೂಗಡ್ಡೆ ಹೊತ್ತುಕೊಂಡು ಹೆಂಡತಿಯ ಹಿಂದೆ ಮನೆಗೆ ಹೋದರು.